ಕೊರವಂಗಲದ ಹಾದಿಯಲ್ಲಿ ಹಳೆಯ ಮೋಟಾರು

ಹಾಸನದ ಸೀಮೆಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರಿಗೆ ತಿಳಿದಿರುವ ದಾರಿಗಳು ಮೂರೇ: ಬೇಲೂರಿನದೊಂದು, ಹಳೇಬೀಡಿನದೊಂದು, ಶ್ರವಣಬೆಳಗೊಳದ್ದೊಂದು. ಬೇಲೂರು, ಹಳೇಬೀಡುಗಳ ಗುಡಿಗಳು ಸೋಮನಾಥಪುರದ ಗುಡಿಯೊಡನೆ 2023ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ದಾರಿಗಳಲ್ಲಿ ವಾಹನಗಳ ಸಾಲು ಇನ್ನಷ್ಟು ಬೆಳೆದಿದೆ. ಆದರೆ ಹಾಸನದಿಂದ ಅರಸೀಕೆರೆಯ ದಿಕ್ಕಿಗೆ ಮುಖಮಾಡಿ ಸುಮಾರು 10 ಕಿಲೋಮೀಟರು ನಡೆದರೆ ಸಿಗುವ ಕೊರವಂಗಲವೆಂಬ ಹಳ್ಳಿಯನ್ನು ಹುಡುಕಿಕೊಂಡು ಹೋಗುವವರು ವಿರಳ. ಹೊಯ್ಸಳರ ಕಾಲದ ಬೂಚೇಶ್ವರ ದೇವಾಲಯವಿರುವುದು ಅಲ್ಲಿಯೇ. ಜನಸಂದಣಿಯಿಲ್ಲ, ಗೈಡುಗಳ ಕೂಗಿಲ್ಲ. ಗುಡಿ ತನ್ನ ಪಾಡಿಗೆ ತಾನಿದೆ, ಊರು ತನ್ನ ಪಾಡಿಗೆ ತಾನಿದೆ.

ಈ 10 ಕಿಲೋಮೀಟರಿನ ಹಾದಿಯನ್ನು ಬಸ್ಸಿನಲ್ಲಿ ಕ್ರಮಿಸಬಹುದು, ಸ್ಕೂಟರಿನಲ್ಲಿ ಕ್ರಮಿಸಬಹುದು, ಹೊಸ ಮಾದರಿಯ ಕಾರಿನಲ್ಲಿ ಗಾಜು ಏರಿಸಿಕೊಂಡು ಹಾಡು ಕೇಳುತ್ತಾ ಕಾಲು ಗಂಟೆಯೊಳಗೆ ಮುಗಿಸಿಬಿಡಬಹುದು. ಇವೆಲ್ಲಕ್ಕಿಂತ ಬೇರೆಯಾದ ಇನ್ನೊಂದು ಬಗೆಯೂ ಉಂಟು. ತಂದೆಯ ಕಾಲದಿಂದ ಮನೆಯಲ್ಲಿ ಉಳಿದುಬಂದ ಮೋಟಾರು ಕಾರನ್ನು ಗುಜರಿಗೂ ಹಾಕದೆ, ಪ್ರದರ್ಶನಕ್ಕೂ ನಿಲ್ಲಿಸದೆ, ದಿನನಿತ್ಯದ ಕೆಲಸಕ್ಕೆ ಹೊರಡಿಸುವವರ ಬಗೆ ಅದು. ಅಂಥ ಒಬ್ಬ ಗೃಹಸ್ಥನನ್ನು ಓದುಗರು ಕಲ್ಪಿಸಿಕೊಳ್ಳಲಿ. ಹಾಸನದಲ್ಲಿ ವಾಸ, ಕೊರವಂಗಲದ ಮಗ್ಗುಲಲ್ಲಿ ಎರಡು ಎಕರೆ ತೆಂಗಿನ ತೋಟ, ಮನೆಯ ಮುಂದಿನ ಷೆಡ್ಡಿನಲ್ಲಿ ಅರ್ಧ ಶತಮಾನ ದಾಟಿದ ಒಂದು ಅಂಬಾಸಿಡರ್. ಅವನ ಒಂದು ದಿನದ ಪಯಣವನ್ನು ಅನುಸರಿಸಿದರೆ ಒಂದು ಊರಿನ ಪರಿಚಯದ ಜೊತೆಗೆ ಹಳೆಯದನ್ನು ಉಳಿಸಿಕೊಳ್ಳುವುದೆಂದರೇನೆಂಬ ಪ್ರಶ್ನೆಯ ಪರಿಚಯವೂ ಆಗುತ್ತದೆ.

ಕಾರಿನ ಕುಲಗೋತ್ರ

ಹೊರಡುವ ಮುನ್ನ ವಾಹನದ ವಂಶವನ್ನು ತಿಳಿಯುವುದು ಒಳ್ಳೆಯದು. ಭಾರತದಲ್ಲಿಯೇ ಕಾರು ತಯಾರಾಗಬೇಕೆಂಬ ಕನಸು ಕಂಡವರಲ್ಲಿ ಕನ್ನಡ ನಾಡಿನ ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲಿಗರ ಸಾಲಿನವರು. 1930ರ ದಶಕದಲ್ಲಿ ಅವರು ಯೂರೋಪು ಅಮೆರಿಕಗಳಲ್ಲಿ ಸಂಚರಿಸಿ, ಅಲ್ಲಿನ ಕಾರ್ಖಾನೆಗಳನ್ನು ನೋಡಿ ಬಂದು, ಮೋಟಾರು ಕಾರ್ಖಾನೆಗೆ ಯೋಜನೆಯನ್ನು ಸಿದ್ಧಪಡಿಸಿದ್ದರು. ಆಗಿನ ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯದೆ ಅದು ಕಾಗದದಲ್ಲಿಯೇ ಉಳಿಯಿತು. ಅದೇ ಕನಸನ್ನು ಹೊತ್ತಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದರು 1940ರಲ್ಲಿ ಮೈಸೂರು ಸಂಸ್ಥಾನದ ಸಹಕಾರದಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನೇ ತೆರೆದರು. ಕಾರಿನ ಕಾರ್ಖಾನೆ ಆಮೇಲೆ ಮುಂಬಯಿಯಲ್ಲಿ ಪ್ರೀಮಿಯರ್ ಎಂಬ ಹೆಸರಿನಲ್ಲಿ ಬಂದಿತು. ನೆಲದ ಮೇಲೆ ಓಡುವುದಕ್ಕೆ ಮುಂಚೆ ಆಕಾಶಕ್ಕೆ ಹಾರಿದಂತಾಯಿತು ಈ ಕಥೆ!

ಬಿರ್ಲಾ ಮನೆತನದವರು 1942ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ಮೊದಲು ಗುಜರಾತಿನ ಓಖಾ ಬಂದರಿನಲ್ಲಿದ್ದು, ಸ್ವಾತಂತ್ರ್ಯಾನಂತರ ಬಂಗಾಳದ ಉತ್ತರಪಾಡಾಕ್ಕೆ ಬಂದಿತು. ಇಂಗ್ಲೆಂಡಿನ ಮಾರಿಸ್ ಕಾರುಗಳನ್ನು ಭಾರತದ ಹೆಸರಿನಲ್ಲಿ ತಯಾರಿಸುವುದು ಅದರ ಕ್ರಮ. 1954ರ ಲ್ಯಾಂಡ್‌ಮಾಸ್ಟರ್ ಆಯಿತು. ಆ ದಶಕದ ಕೊನೆಯಲ್ಲಿ, ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಶ್ರೇಣಿಯನ್ನು ಅನುಸರಿಸಿ, ಅಂಬಾಸಿಡರ್ ಹುಟ್ಟಿತು. 1963ರಲ್ಲಿ ಅದರ ಎರಡನೆಯ ಮಾದರಿ ಬಂದಿತು. ಇಂಗ್ಲೆಂಡಿನಲ್ಲಿ ಆ ಆಕ್ಸ್‌ಫರ್ಡಿನ ತಯಾರಿಕೆ ಕೆಲವೇ ವರ್ಷಗಳಲ್ಲಿ ನಿಂತುಹೋದರೂ ಅದರ ಭಾರತೀಯ ಮಗಳು ಅರ್ಧ ಶತಮಾನಕ್ಕೂ ಮೀರಿ ಬಾಳಿದಳು. ಕೊನೆಗೆ 2014ರ ಮೇ ತಿಂಗಳಿನಲ್ಲಿ ಉತ್ತರಪಾಡಾದ ಕಾರ್ಖಾನೆಯಲ್ಲಿ ಕೆಲಸ ನಿಂತಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಮಾತ್ರ ಫ್ರಾನ್ಸಿನ ಪ್ಯೂಜೋ ಸಂಸ್ಥೆಯವರು 80 ಕೋಟಿ ರೂಪಾಯಿಗಳಿಗೆ ಕೊಂಡರು.

ಅಂಬಾಸಿಡರಿನ ಸವತಿಯೆಂದರೆ ಫಿಯೆಟ್. 1089 ಘನ ಸೆಂಟಿಮೀಟರಿನ ಯಂತ್ರದ ಆ ಸಣ್ಣ ಕಾರು 1974ರಿಂದ ಪ್ರೀಮಿಯರ್ ಪದ್ಮಿನಿಯೆಂಬ ಹೆಸರು ಹೊತ್ತಿತು. ಮುಂಬಯಿಯಲ್ಲಿ ಅದರ ಕಪ್ಪು ಹಳದಿ ಬಣ್ಣದ ಟ್ಯಾಕ್ಸಿಗಳು 2023ರ ಅಕ್ಟೋಬರಿನ ಕೊನೆಯವರೆಗೂ ಇದ್ದುವು. ಪಟ್ಟಣದ ವಕೀಲರು, ವೈದ್ಯರು, ಪ್ರೊಫೆಸರುಗಳು ಫಿಯೆಟ್ಟನ್ನು ಮೆಚ್ಚಿದರೆ, ಹಾಸನದಂಥ ಕೃಷಿಕರ ಸೀಮೆ ಅಂಬಾಸಿಡರನ್ನು ಮೆಚ್ಚಿತು. ಕಾರಣ ಸರಳ. ಒಂದು ಅಂಬಾಸಿಡರಿನೊಳಗೆ ಅಜ್ಜಿ, ಸೊಸೆ, ನಾಲ್ಕು ಮಕ್ಕಳು, ಎರಡು ಗೋಣಿ ತೆಂಗಿನಕಾಯಿ, ಮದುವೆಯ ಹೂವಿನ ಬುಟ್ಟಿ, ಎಲ್ಲವೂ ಹಿಡಿಸುತ್ತಿದ್ದುವು. ಹಿಂದಿನ ಚಕ್ರಗಳ ಮೇಲೆ ಎತ್ತಿನ ಗಾಡಿಗೂ ಪರಿಚಿತವೆನ್ನಬಹುದಾದ ಕಬ್ಬಿಣದ ಪಟ್ಟಿಗಳ ಸ್ಪ್ರಿಂಗು. ನೆಲದಿಂದ ಎತ್ತರವಾದ ಒಡಲು. ಕೆಟ್ಟರೆ ಯಾವ ಊರಿನಲ್ಲಾದರೂ ಸರಿಪಡಿಸುವ ಕೈಗಳು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಜನಿಸಿದ ಎಚ್. ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಮಂತ್ರಿಗಳಾದಾಗ ದೆಹಲಿಯಲ್ಲಿ ಅಧಿಕಾರದ ವಾಹನವೆಂದರೆ ಬಿಳಿಯ ಅಂಬಾಸಿಡರೇ ಆಗಿದ್ದಿತು. ತಾಲ್ಲೂಕಿನ ಸಂತೆಗೂ ರಾಷ್ಟ್ರದ ರಾಜಧಾನಿಗೂ ಒಂದೇ ಕಾರು ಸಲ್ಲುತ್ತಿದ್ದ ಕಾಲವದು.

ಬೆಳಗಿನ ಉಪಚಾರ

ಹಾಸನ ಸಮುದ್ರಮಟ್ಟದಿಂದ 3,000 ಅಡಿಗೂ ಮೀರಿದ ಎತ್ತರದಲ್ಲಿದೆ. ಮಾರ್ಗಶಿರ, ಪುಷ್ಯಮಾಸಗಳ ಬೆಳಗಿನಲ್ಲಿ ಊರಿಗೆ ಊರೇ ಮಂಜಿನ ಮುಸುಕಿನೊಳಗೆ ಮಲಗಿರುತ್ತದೆ. ಅಂಥ ಬೆಳಗಿನಲ್ಲಿ ಹೊಸ ಕಾರಿನವನು ಗುಂಡಿಯೊತ್ತಿ ಹೊರಟುಬಿಡುತ್ತಾನೆ. ಹಳೆಯ ಕಾರಿನವನಿಗೆ ಅಷ್ಟು ಸುಲಭವಿಲ್ಲ. ಮುದಿ ತಂದೆಯನ್ನು ಎಬ್ಬಿಸುವ ಮಗನಂತೆ ಅವನು ಮೊದಲು ಮೃದುವಾಗಿ ಕ್ಷೇಮ ವಿಚಾರಿಸಬೇಕು. ಬಾನೆಟ್ಟು ಎತ್ತಿ ರೇಡಿಯೇಟರಿನ ನೀರು ನೋಡಬೇಕು. ಕಡ್ಡಿಯನ್ನು ಹೊರಗೆಳೆದು ಎಣ್ಣೆಯ ಮಟ್ಟ ಪರೀಕ್ಷಿಸಬೇಕು. ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಹುಡಿ ಹಿಡಿದಿದ್ದರೆ ಒರೆಸಬೇಕು. ರಾತ್ರಿ ಕಾರು ನಿಂತಿದ್ದ ನೆಲದ ಮೇಲೆ ಬಿದ್ದ ಎಣ್ಣೆಯ ಹನಿಗಳನ್ನು ಜ್ಯೋತಿಷಿ ಕವಡೆಗಳನ್ನು ನೋಡುವಂತೆ ನೋಡಿ, ಯಾವ ಹನಿ ಎಲ್ಲಿಂದ ಬಿದ್ದುದೆಂದು ತಿಳಿಯಬೇಕು.

ಆಮೇಲೆ ಚೋಕು ಎಳೆಯುವ ಕ್ರಮ. ತಣ್ಣಗಿರುವ ಯಂತ್ರಕ್ಕೆ ಗಾಳಿ ಕಡಿಮೆ, ಪೆಟ್ರೋಲು ಹೆಚ್ಚು ಬೇಕು. ಆ ಹದವನ್ನು ಹೊಸ ಕಾರಿನಲ್ಲಿ ಗಣಕವು ನೋಡಿಕೊಂಡರೆ, ಇಲ್ಲಿ ನಡೆಸುವವನ ಬೆರಳೇ ನೋಡಿಕೊಳ್ಳಬೇಕು. ಚೋಕು ಹೆಚ್ಚು ಹೊತ್ತು ಎಳೆದಿದ್ದರೆ ಪ್ಲಗ್ಗುಗಳು ಪೆಟ್ರೋಲಿನಲ್ಲಿ ತೊಯ್ದು ಕಾರು ಮುನಿಸಿಕೊಳ್ಳುತ್ತದೆ. ಬೇಗನೆ ಬಿಟ್ಟರೆ ಕೆಮ್ಮಿ ನಿಲ್ಲುತ್ತದೆ. ಬ್ಯಾಟರಿ ಕೈಕೊಟ್ಟರೆ ಹ್ಯಾಂಡಲ್ ಉಂಟು. ಮುಂದಿನ ಬಂಪರಿನ ರಂಧ್ರದೊಳಗೆ ತೂರಿಸಿ ಒಂದು ಸುತ್ತು ತಿರುಗಿಸಿದರೆ ಯಂತ್ರ ಎಚ್ಚರಗೊಳ್ಳುತ್ತದೆ. ತಿರುಗಿಸುವವನು ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಡಬೇಕು. ಯಂತ್ರ ಹಿಂದಕ್ಕೆ ಒದ್ದರೆ ಹೆಬ್ಬೆರಳು ಉಳಿಯಬೇಕಲ್ಲ!

ಬೆಂಕಿಯ ಕಿಡಿ ಸರಿಯಾದ ಹೊತ್ತಿಗೆ ಹಾರುವುದು ಡಿಸ್ಟ್ರಿಬ್ಯೂಟರಿನೊಳಗಿನ ಎರಡು ಪುಟ್ಟ ಲೋಹದ ತುದಿಗಳಿಂದ. ಮೆಕ್ಯಾನಿಕ್ಕುಗಳು ಅದನ್ನು ಪಾಯಿಂಟು ಎನ್ನುತ್ತಾರೆ. ಆ ತುದಿಗಳ ನಡುವಿನ ಅಂತರ ಅರ್ಧ ಮಿಲಿಮೀಟರಿಗೂ ಕಡಿಮೆ. ಅಲ್ಲಿ ಮಸಿ ಹಿಡಿದರೆ ಕಾರು ನಡುದಾರಿಯಲ್ಲಿ ನಿಲ್ಲುತ್ತದೆ. ಬೆಂಕಿಪೊಟ್ಟಣದ ಗೀರುವ ಮಗ್ಗುಲಿನಿಂದ ಎರಡು ಸಲ ಉಜ್ಜಿದರೆ ಮತ್ತೆ ಹೊರಡುತ್ತದೆ. ಬೇಸಗೆಯಲ್ಲಿ ಇನ್ನೊಂದು ತೊಂದರೆ: ಬಿಸಿಗೆ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ ಯಂತ್ರಕ್ಕೆ ತಲಪದೆ ಹೋಗುತ್ತದೆ. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಮರದ ನೆರಳಿನಲ್ಲಿ ಕೂರುವುದೇ ಅದಕ್ಕೆ ಮದ್ದು. ನೆತ್ತಿಗೆ ತಣ್ಣೀರು ಬಟ್ಟೆ ಹಾಕಿ ಜ್ವರವಿಳಿಸಿದಂತೆ ಈ ಚಿಕಿತ್ಸೆ. ಬಡವನಿಗೂ ಬಲ್ಲಿದನಿಗೂ ಅದೇ.

ಹಾದಿ ಮತ್ತು ಗುಡಿ

ಹೀಗೆ ಸಿದ್ಧನಾಗಿ ಗೃಹಸ್ಥ ಊರು ದಾಟುತ್ತಾನೆ. ಗಂಟೆಗೆ 40, 50 ಕಿಲೋಮೀಟರಿನ ನಡೆ. ಅಷ್ಟು ನಿಧಾನದಲ್ಲಿ ಎರಡೂ ಮಗ್ಗುಲಿನ ಹೊಲಗಳು ಕಣ್ಣಿಗೆ ಕಾಣುತ್ತವೆ. ಹಾಸನದ ಆಲೂಗೆಡ್ಡೆ ಒಂದು ಕಾಲಕ್ಕೆ ಈ ಸೀಮೆಯ ಹೆಮ್ಮೆ. ಬಿತ್ತನೆಯ ಗೆಡ್ಡೆ ದೂರದ ಪಂಜಾಬಿನಿಂದ ಲಾರಿಗಳಲ್ಲಿ ಬರುತ್ತಿತ್ತು. ರೋಗದ ಕಾಟಕ್ಕೆ ಬೇಸತ್ತ ರೈತರು ಅನೇಕ ಕಡೆ ಮುಸುಕಿನ ಜೋಳಕ್ಕೆ ತಿರುಗಿದ್ದಾರೆ. ನಡುನಡುವೆ ರಾಗಿ, ಅಲ್ಲಲ್ಲಿ ತೆಂಗು. ಈ ಸೀಮೆ ಎತ್ತುಗಳಿಗೂ ಹೆಸರಾದುದು. ಹಳ್ಳಿಕಾರ್ ತಳಿಯ ನೀಳಕೊಂಬಿನ ಎತ್ತುಗಳು ಉತ್ತು, ಹೊತ್ತು, ಎಳೆದು ಈ ನೆಲವನ್ನು ಸಾಕಿದುವು. ಮೈಸೂರಿನ ಸೈನ್ಯದ ಸಾಮಗ್ರಿಗಳನ್ನೆಳೆದ ಅಮೃತಮಹಲ್ ರಾಸುಗಳಿಗೂ ಹಾಸನ, ಚಿಕ್ಕಮಗಳೂರಿನ ಕಡೆಯ ಕಾವಲುಗಳು ಆಶ್ರಯವಾಗಿದ್ದುವು. ಮೋಟಾರು ಬಂದ ಮೇಲೂ ಇಲ್ಲಿನ ಜನ ವಾಹನವನ್ನು ನೋಡುವ ದೃಷ್ಟಿಯಲ್ಲಿ ಎತ್ತನ್ನು ನೋಡುವ ದೃಷ್ಟಿ ಒಂದಿಷ್ಟು ಉಳಿದುಕೊಂಡಿದೆ. ಆಯುಧಪೂಜೆಯ ದಿನ ಕಾರಿಗೆ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಯುವಾಗ ಅದು ಕೇವಲ ಯಂತ್ರವೆಂದು ಯಾರಿಗೂ ಅನ್ನಿಸುವುದಿಲ್ಲ.

ಊರ ಬಾಗಿಲಲ್ಲಿ ಕಾರು ನಿಂತೊಡನೆ ಕಟ್ಟೆಯ ಮೇಲಿನ ಹಿರಿಯರ ಕಣ್ಣು ಅತ್ತ ತಿರುಗುತ್ತದೆ. ಮಾತು ಹೆಚ್ಚಾಗಿ ಹೀಗೇ ಸಾಗುತ್ತದೆ:

“ಇದ್ಯಾವ ಕಾಲದ ಕಾರು ಸ್ವಾಮಿ? ಇನ್ನೂ ಓಡ್ತದಾ?”

“ಓಡ್ಕೊಂಡೇ ಬಂತಲ್ಲ ಯಜಮಾನ್ರೇ.”

“ನನ್ನ ಮದ್ವೇಲಿ ಹೆಣ್ಣಿನ ಕಡೆಯೋರು ಇಂಥದ್ರಲ್ಲೇ ಬಂದಿದ್ದು. ಒಂದೇ ಕಾರು, ಹನ್ನೊಂದು ಜನ!”

ಹೊಸ ಕಾರಿಗೆ ಹೀಗೆ ಮಾತಾಡಿಸುವ ಶಕ್ತಿಯಿಲ್ಲ.

ಗುಡಿಯ ಮುಂದೆ ಬಂದರೆ ಕಾಲ ಒಮ್ಮೆಲೇ ಎಂಟೂವರೆ ಶತಮಾನ ಹಿಂದಕ್ಕೆ ಸರಿಯುತ್ತದೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನಿಗೆ ಪಟ್ಟವಾದ 1173ರಲ್ಲಿ, ಆ ಸಂಭ್ರಮದ ನೆನಪಿಗಾಗಿ, ಬೂಚಿರಾಜನೆಂಬ ಸಿರಿವಂತ ಅಧಿಕಾರಿ ಈ ದೇವಾಲಯವನ್ನು ಕಟ್ಟಿಸಿದನು. ದೇವರಿಗೆ ಅವನ ಹೆಸರಿನಿಂದಲೇ ಬೂಚೇಶ್ವರನೆಂಬ ಹೆಸರಾಯಿತು. ಬಳಪದ ಕಲ್ಲಿನ ಈ ಗುಡಿ ದ್ವಿಕೂಟ. ಪೂರ್ವಕ್ಕೆ ಮುಖಮಾಡಿದ ಶಿವನ ಗರ್ಭಗೃಹ. ಅದಕ್ಕೆ ಎದುರಾಗಿ ಪಶ್ಚಿಮಕ್ಕೆ ಮುಖಮಾಡಿದ ಸೂರ್ಯನ ಗುಡಿ. ಎರಡನ್ನೂ ಕೂಡಿಸುವ ತೆರೆದ ಮಂಟಪ. ಮಂಟಪದ ಕಂಬಗಳ ನುಣುಪನ್ನು ಮುಟ್ಟಿ ನೋಡದೆ ಬಂದವನು ಕಡಿಮೆ. ಶಿವನ ಗರ್ಭಗೃಹದ ಹೊರಗೋಡೆಯ ಶಿಲ್ಪಗಳು ಹಳೇಬೀಡಿನಷ್ಟು ದಟ್ಟವಾಗಿಲ್ಲ. ಒಂದೊಂದನ್ನೂ ಬಿಡುವಾಗಿ ನಿಂತು ನೋಡಬಹುದು. ಇದೇ ಊರಿನಲ್ಲಿ ಆ ಕಾಲದ ಬೇರೆ ಗುಡಿಗಳೂ ಇದ್ದುವು. ಅವು ಪಾಳುಬಿದ್ದಿವೆ. ಬೂಚೇಶ್ವರ ಮಾತ್ರ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿ ಉಳಿದು ನಿಂತಿದೆ.

ಶಿವನೆದುರು ಸೂರ್ಯನಿಗೊಂದು ಗುಡಿಯನ್ನು ಕಟ್ಟಿಸುವುದು ಅಪರೂಪದ ಸಂಗತಿ. ಹಳೆಯ ಕಾರಿನ ಯಜಮಾನನಿಗಂತೂ ಸೂರ್ಯ ಬಲು ಹತ್ತಿರದ ದೇವರು. ಏಳು ಕುದುರೆ, ಒಂದೇ ಚಕ್ರ, ಸಾರಥಿ ಅರುಣ. ಪುರಾಣಗಳು ಬಲ್ಲ ಕಾಲದಿಂದಲೂ ಅದೇ ರಥ, ದಿನವೂ ಅದೇ ಪ್ರಯಾಣ. ಹಳೆಯದಾಯಿತೆಂದು ಆ ರಥವನ್ನು ಯಾರೂ ಮೂಲೆಗೆ ನಿಲ್ಲಿಸಿಲ್ಲ.

ಓಡಿದರೆ ಹಳೆಯದಲ್ಲ, ನಿಂತರೆ ಹಳೆಯದು

ಇಲ್ಲಿಗೆ ಬಂದಾಗ ಪ್ರಶ್ನೆ ಏಳುತ್ತದೆ. ಹಳೆಯ ವಸ್ತುವನ್ನು ಉಳಿಸಿಕೊಳ್ಳುವುದಕ್ಕೆ ಎರಡು ದಾರಿಗಳು. ಬೇಲಿ ಹಾಕಿ, ಫಲಕ ನೆಟ್ಟು, ಮುಟ್ಟಬೇಡಿರೆಂದು ಕಾಯುವುದೊಂದು; ದಿನವೂ ಬಳಸಿ, ಸವೆದ ಭಾಗವನ್ನು ಬದಲಾಯಿಸಿ ನಡೆಸುವುದಿನ್ನೊಂದು. ಗುಡಿಗೆ ಮೊದಲನೆಯದು ತಕ್ಕುದು. ಕಲ್ಲು ಸವೆದರೆ ಮತ್ತೆ ಬಾರದು. ಕಾರಿಗೆ ಯಾವುದು ತಕ್ಕುದು?

ಮೊದಲ ದಾರಿಗೂ ಕನ್ನಡ ನಾಡಿನಲ್ಲಿ ಒಳ್ಳೆಯ ನಿದರ್ಶನಗಳಿವೆ. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳನ್ನು ಧರ್ಮಸ್ಥಳದಲ್ಲಿಯೂ, ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತುಸಂಗ್ರಹಾಲಯದಲ್ಲಿಯೂ ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗತಕ್ಕ ಸ್ಥಳಗಳವು. ಅಲ್ಲಿ ಕಾರುಗಳು ಕನ್ನಡಿಯಂತೆ ಹೊಳೆಯುತ್ತವೆ. ಅಲ್ಲಿ ಇಲ್ಲದಿರುವುದೆಂದರೆ ಬಿಸಿಯೆಣ್ಣೆಯ ವಾಸನೆ ಮಾತ್ರ.

ಕಾನೂನು ಕೂಡ ಈ ಎರಡು ದಾರಿಗಳನ್ನು ಬೇರೆ ಬೇರೆಯಾಗಿಯೇ ಇರಿಸಿದೆ. 2021ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲಿಯೇ ಉಳಿದಿರುವ ಕಾರು ವಿಂಟೇಜ್ ಎನಿಸಿಕೊಳ್ಳಬಹುದು. ಹೊಸದಾಗಿ ಹಾಗೆ ನೋಂದಾಯಿಸಲು 20,000 ರೂಪಾಯಿ ಶುಲ್ಕ. ಅದರ ಅವಧಿ 10 ವರ್ಷ. ಆಮೇಲಿನ ನವೀಕರಣಕ್ಕೆ 5,000 ರೂಪಾಯಿ. ಸಂಖ್ಯೆಯ ಫಲಕದಲ್ಲಿ ‘ವಿಎ’ ಎಂಬ ಗುರುತು. ಗೌರವವೇನೋ ದೊಡ್ಡದು. ಆದರೆ ಆ ಗೌರವ ಪಡೆದ ಕಾರು ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲು ತುಂಬಿಸುವುದಕ್ಕೆ, ರಿಪೇರಿಗೆ ಮಾತ್ರ ರಸ್ತೆಗೆ ಬರಬಹುದು. ನಿತ್ಯದ ಓಡಾಟಕ್ಕೆ ಬರುವಂತಿಲ್ಲ. ಸನ್ಮಾನದ ಶಾಲು ಹೊದಿಸಿದೊಡನೆ ಉದ್ಯೋಗದಿಂದ ನಿವೃತ್ತಿಗೊಳಿಸಿದಂತೆ ಇದು!

ಕೊರವಂಗಲದ ತೋಟಕ್ಕೆ ದಿನವೂ ಹೋಗಬೇಕಾದ ಗೃಹಸ್ಥ ಆ ಶಾಲನ್ನು ಒಲ್ಲೆನೆನ್ನುತ್ತಾನೆ. ಸಾಮಾನ್ಯ ಕಾರುಗಳ ದಾರಿಯೇ ಅವನದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಯಲ್ಲಿ ತಪಾಸಣೆ ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಈ ನವೀಕರಣದ ಶುಲ್ಕ 5,000 ರೂಪಾಯಿಗೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ಅದು 10,000 ರೂಪಾಯಿಯಾಯಿತು. ಕಾಲಕಾಲಕ್ಕೆ ಹೊಗೆಯ ಪ್ರಮಾಣಪತ್ರವೂ ವಿಮೆಯೂ ಬೇಕು. ದೆಹಲಿಯಲ್ಲಾದರೆ ಈ ಕಷ್ಟ ಇನ್ನೂ ಹಿರಿದು. 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಓಡಾಟಕ್ಕೆ 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಲ್ಲಿ ತಡೆಯೊಡ್ಡಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹಾಸನದ ಗಾಳಿ ಇನ್ನೂ ಅಷ್ಟು ಕೆಟ್ಟಿಲ್ಲ. ಹಳೆಯ ಕಾರಿನ ಯಜಮಾನನ ಭಾಗ್ಯವೆಂದರೆ ಆ ಗಾಳಿಯೇ. ಅದನ್ನು ಕೆಡಿಸದೆ ಓಡಿಸುವ ಹೊಣೆಯೂ ಅವನದೇ.

ಗೃಹಿಣಿಯ ಆಕ್ಷೇಪ

ಈ ವಾದವನ್ನೆಲ್ಲ ಕೇಳಿ ಒಪ್ಪದವರೊಬ್ಬರಿದ್ದಾರೆ. ಅವರೇ ಮನೆಯೊಡತಿ.

“ರೀ, ತೋಟಕ್ಕೆ ಬೇಕಾದರೆ ನೀವೊಬ್ಬರೇ ಹೋಗಿ ಬನ್ನಿ. ಮಳೆಗಾಲದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮಂಗಳೂರಿಗೆ ಮಾತ್ರ ಈ ಕಾರಿನಲ್ಲಿ ಬೇಡ.”

ಈ ಮಾತನ್ನು ಹೆಂಗಸಿನ ಹೆದರಿಕೆಯೆಂದು ತಳ್ಳಿಹಾಕುವವನು ಅವಿವೇಕಿ. ಹಾಸನದಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಸಕಲೇಶಪುರವನ್ನು ದಾಟಿ ಶಿರಾಡಿ ಘಟ್ಟವನ್ನಿಳಿದು ಗುಂಡ್ಯದ ಕಡೆಗೆ ಹೋಗುತ್ತದೆ. ಆಷಾಢದಲ್ಲಿ ಅಲ್ಲಿ ಮಳೆ ಹಿಡಿದರೆ ಎದುರಿನ ಲಾರಿಯ ದೀಪವೂ ಕಾಣಿಸದು. ಹಳೆಯ ಅಂಬಾಸಿಡರಿನ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ದೀರ್ಘವಾದ ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚಿ ಒತ್ತುತ್ತ ಹೋದರೆ ಡ್ರಮ್ಮು ಕಾದು ಹಿಡಿತ ಸಡಿಲುತ್ತದೆ. ಆದುದರಿಂದ ಹತ್ತುವ ಗೇರಿನಲ್ಲಿಯೇ ಇಳಿಯಬೇಕೆಂದು ಹಳೆಯ ಚಾಲಕರು ಶಿಷ್ಯರಿಗೆ ಕಲಿಸುತ್ತಿದ್ದರು. ಮಳೆಯ ತೇವ ಡಿಸ್ಟ್ರಿಬ್ಯೂಟರಿಗೆ ಇಳಿದರೆ ಯಂತ್ರ ತಿರುವಿನಲ್ಲಿಯೇ ನಿಂತೀತು. ದೀಪ ಮಂದ, ಮಳೆಯೊರಸುವ ಕಡ್ಡಿ ಸಾವಕಾಶದ್ದು. ಮೇಲೆ ಹತ್ತುವಾಗ ರೇಡಿಯೇಟರು ಕುದಿಯುವುದೂ ಉಂಟು; ಆಗ ಮುಚ್ಚಳವನ್ನು ಅವಸರದಿಂದ ತೆರೆದವನ ಮುಖ ಬೇಯುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದುದು ಇನ್ನೊಂದಿದೆ. ದಪ್ಪ ತಗಡಿನ ಕಾರು, ಏನು ತಾಗಿದರೂ ಒಳಗಿನವರಿಗೆ ಭಯವಿಲ್ಲವೆಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು. ಹೊಸ ಕಾರಿನ ಮೂತಿ ಅಪಘಾತದಲ್ಲಿ ನಜ್ಜುಗುಜ್ಜಾಗುವಂತೆ ಬೇಕೆಂದೇ ನಿರ್ಮಿತವಾಗಿರುತ್ತದೆ. ಹೊಡೆತವನ್ನು ತಾನು ನುಂಗಿ ಒಳಗೆ ಕುಳಿತವರನ್ನು ಉಳಿಸುತ್ತದೆ. ಹಳೆಯ ಕಾರು ತಾನು ಹೆಚ್ಚು ಜಜ್ಜದೆ ಹೊಡೆತವನ್ನು ಒಳಗಿನವರಿಗೇ ದಾಟಿಸುತ್ತದೆ. ಆ ಕಾಲದ ಕಾರುಗಳಲ್ಲಿ ಗಾಳಿಚೀಲವಿಲ್ಲ, ಸೊಂಟಪಟ್ಟಿಯಿಲ್ಲ. ಸ್ಟಿಯರಿಂಗಿನ ಕಂಬ ನೇರವಾಗಿ ಎದೆಗೆ ಎದುರಾಗಿರುತ್ತದೆ. ಹಿಂದೆ ರಸ್ತೆಯ ಮೇಲಿನ ವಾಹನಗಳೆಲ್ಲ ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುತ್ತಿದ್ದಾಗ ಇದು ಹೇಗೋ ನಡೆಯುತ್ತಿತ್ತು. ಚತುಷ್ಪಥವಾಗಿರುವ ಬೆಂಗಳೂರು ಹಾಸನ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹಿಂದಿನಿಂದ ಬರುವವನಿಗೆ ಮುಂದಿನ ಅಂಬಾಸಿಡರ್ ನಿಂತಂತೆಯೇ ಕಾಣುತ್ತದೆ.

ವಿವೇಕಿಯಾದ ಗೃಹಸ್ಥ ಹೆಂಡತಿಯ ಮಾತಿಗೆ ತಲೆಬಾಗಿ ಒಂದು ಮೇರೆಯನ್ನು ಹಾಕಿಕೊಳ್ಳುತ್ತಾನೆ. ಮುಂದಿನ ಆಸನಗಳಿಗೂ ಹಿಂದಿನವಕ್ಕೂ ಸೊಂಟಪಟ್ಟಿಗಳನ್ನು, ಚಾಸಿಯ ಗಟ್ಟಿ ಭಾಗಕ್ಕೆ ಬಿಗಿಯುವಂತೆ, ಬಲ್ಲವನಿಂದ ಹಾಕಿಸುತ್ತಾನೆ. ದೀಪಗಳನ್ನು ಚೆನ್ನಾಗಿ ಬೆಳಗುವಂತೆ ಮಾಡಿಸುತ್ತಾನೆ. ಹೆದ್ದಾರಿಯ ರಾತ್ರಿ ಪ್ರಯಾಣವನ್ನು ಬಿಡುತ್ತಾನೆ. ಮಂಗಳೂರಿಗೆ ರೈಲಿದೆ, ಬಸ್ಸಿದೆ. ಹಳೆಯ ಕಾರಿಗೆ ತಕ್ಕುದು ಹತ್ತಿಪ್ಪತ್ತು ಕಿಲೋಮೀಟರಿನ ಹಗಲಿನ ದಾರಿ: ಮಾರುಕಟ್ಟೆ, ಶಾಲೆ, ತೋಟ, ನೆಂಟರ ಮನೆ. ಕೊರವಂಗಲದ ಹಾದಿ ಅದಕ್ಕೆ ಹೇಳಿ ಮಾಡಿಸಿದ್ದು.

ಹಣದ ಲೆಕ್ಕ, ಕೈಯ ಲೆಕ್ಕ

ಲೀಟರಿಗೆ ಹತ್ತು ಕಿಲೋಮೀಟರು ಕೊಟ್ಟರೆ ಹಳೆಯ ಅಂಬಾಸಿಡರ್ ಉದಾರಿಯೆನಿಸಿತು. ಅದೇ ಲೀಟರಿನಲ್ಲಿ ಹೊಸ ಸಣ್ಣ ಕಾರು ಅದರ ಇಮ್ಮಡಿ ಓಡುತ್ತದೆ. ಮತ್ತೊಂದು ಕಡೆ, ಹೊಸ ಕಾರಿನ ಸಾಲದ ಕಂತು ಇಲ್ಲಿಲ್ಲ. ದಿನಕ್ಕೆ ಇಪ್ಪತ್ತು ಕಿಲೋಮೀಟರಷ್ಟೇ ಓಡಿಸುವವನಿಗೆ ಪೆಟ್ರೋಲಿನ ನಷ್ಟ ಸಹಿಸಬಹುದಾದದ್ದು. ನೂರು ಓಡಿಸುವವನಿಗೆ ಸಹಿಸಲಾಗದು.

ಪೆಟ್ರೋಲಿನ ಬೆಲೆಗಿಂತ ಅದರ ಗುಣವೇ ಹಳೆಯ ಯಂತ್ರಕ್ಕೆ ಹೆಚ್ಚಿನ ಚಿಂತೆ. ಹಿಂದಿನ ಪೆಟ್ರೋಲಿನಲ್ಲಿ ಸೀಸ ಬೆರೆತಿರುತ್ತಿತ್ತು. ಅದು ಜನರ ಆರೋಗ್ಯಕ್ಕೆ ವಿಷ. ಯಂತ್ರದ ವಾಲ್ವುಗಳು ಕೂರುವ ಪೀಠಕ್ಕೆ ಮಾತ್ರ ಮೆತ್ತೆಯಂತಿತ್ತು. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತಿತು. ಅದು ನಿಲ್ಲಬೇಕಾದ್ದೇ. ಆಮೇಲೆ ಹಳೆಯ ಕಾರಿನವರು ಯಂತ್ರ ಬಿಚ್ಚಿಸಿದಾಗ ಗಟ್ಟಿಯಾದ ಲೋಹದ ಪೀಠಗಳನ್ನು ಹಾಕಿಸಿಕೊಳ್ಳುವುದನ್ನು ಕಲಿತರು. ಈಗ ಇನ್ನೊಂದು ಪರೀಕ್ಷೆ ಬಂದಿದೆ. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲಿಯೇ ಬಿಡುಗಡೆ ಮಾಡಲಾಯಿತು; 2025ರ ಹೊತ್ತಿಗೆ ಅದು ದೇಶದ ಬಂಕುಗಳಲ್ಲೆಲ್ಲ ಹಬ್ಬಿತು. ಕಬ್ಬು, ಧಾನ್ಯಗಳಿಂದ ಬರುವ ಎಥನಾಲ್ ರೈತನಿಗೆ ಲಾಭದ್ದಿರಬಹುದು. ಹಳೆಯ ಕಾರಿನ ರಬ್ಬರು ಕೊಳವೆಗಳನ್ನು ಅದು ಮೆತ್ತಗೆ ಮಾಡುತ್ತದೆ. ಗಾಳಿಯ ತೇವವನ್ನು ಹೀರಿ ಟ್ಯಾಂಕಿನ ತಳಕ್ಕೆ ತುಕ್ಕು ತರುತ್ತದೆ. ವಾರಗಟ್ಟಲೆ ನಿಂತ ಕಾರಿಗೇ ಇದರ ಬಾಧೆ ಹೆಚ್ಚು. ದಿನವೂ ಓಡುವ ಕಾರಿನ ಟ್ಯಾಂಕು ಬೇಗ ಖಾಲಿಯಾಗಿ ಬೇಗ ತುಂಬುವುದರಿಂದ ನೀರು ಕೂಡಲು ಅವಕಾಶ ಕಡಿಮೆ. ಎಥನಾಲನ್ನು ತಡೆಯುವ ಕೊಳವೆಗಳನ್ನು ಹಾಕಿಸಿ, ಕಾರ್ಬುರೇಟರನ್ನು ಹೊಸ ಹದಕ್ಕೆ ತಿರುಗಿಸಿಕೊಂಡರೆ ನಡೆಯುತ್ತದೆ. ನಿಲ್ಲಿಸಿ ಕಾಪಾಡುವುದಕ್ಕಿಂತ ಓಡಿಸಿ ಕಾಪಾಡುವುದೇ ಮೇಲೆಂಬುದಕ್ಕೆ ಇದೊಂದು ಪ್ರಬಲವಾದ ಕಾರಣ. ಬ್ಯಾಟರಿ, ಟೈರು, ಬ್ರೇಕಿನ ರಬ್ಬರು, ನೀರಿನ ಪಂಪು, ಇವೆಲ್ಲವೂ ಕೆಲಸವಿಲ್ಲದೆ ಕೆಡುವಷ್ಟು ಕೆಲಸದಿಂದ ಕೆಡುವುದಿಲ್ಲ.

ಬಿಡಿಭಾಗಗಳ ಮಾತು ಬಂದರೆ ಬೆಂಗಳೂರಿನ ಜೆ. ಸಿ. ರಸ್ತೆಯನ್ನು ನೆನೆಯಬೇಕು. ಮೋಟಾರಿನ ಭಾಗಗಳ ಅಂಗಡಿಗಳಿಗೆ ಹೆಸರಾದ ಬೀದಿ ಅದು. ಅಂಬಾಸಿಡರಿನ 1489 ಘನ ಸೆಂಟಿಮೀಟರಿನ ಹಳೆಯ ಯಂತ್ರದ ಅಣ್ಣತಮ್ಮಂದಿರು ಇಂಗ್ಲೆಂಡಿನ ಎಂ.ಜಿ. ಕಾರುಗಳಲ್ಲಿಯೂ ಇದ್ದುದರಿಂದ ಕೆಲವು ಭಾಗಗಳು ಸಮುದ್ರದಾಚೆಯೂ ದೊರೆಯುತ್ತವೆ. ದೊರೆಯದಿರುವುದು ಬೇರೆಯೇ ಇದೆ. ಕಿವಿಯಿಂದಲೇ ಕಾರ್ಬುರೇಟರಿನ ಹದ ಹಿಡಿಯುವ ಮೇಸ್ತ್ರಿ, ತಗಡಿನ ನುಗ್ಗನ್ನು ಮರದ ಸುತ್ತಿಗೆಯಿಂದ ಎಬ್ಬಿಸುವ ಟಿಂಕರು, ಸಿಗದ ಬುಷ್ಷನ್ನು ಲೇತಿನ ಮೇಲೆ ಕಡೆದುಕೊಡುವ ಕುಶಲಿ, ಇವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಹೊಸ ಗ್ಯಾರೇಜಿನ ಹುಡುಗ ಗಣಕವನ್ನು ಜೋಡಿಸಿ ದೋಷವನ್ನೋದುವುದನ್ನು ಕಲಿತಿದ್ದಾನೆ. ಗಣಕ ಜೋಡಿಸಲು ಜಾಗವೇ ಇಲ್ಲದ ಕಾರನ್ನು ಕಂಡರೆ ಅವನಿಗೆ ದಿಗಿಲು. “ಸಾರ್, ಇದನ್ನ ನಮ್ಮ ಯಜಮಾನ್ರಿಗೇ ತೋರಿಸಿ, ಅವರು ಸಾಯಂಕಾಲ ಬರ್ತಾರೆ” ಎನ್ನುತ್ತಾನೆ. ಆ ಯಜಮಾನರಿಗೆ ಅರುವತ್ತೈದು ದಾಟಿರುತ್ತದೆ. ಅವರ ಬೆರಳುಗಳಲ್ಲಿರುವ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ. ದಿನವೂ ಓಡುವ ಹಳೆಯ ಕಾರುಗಳು ಹತ್ತಾದರೂ ಊರಿನಲ್ಲಿದ್ದರೆ ಆ ವಿದ್ಯೆಗೆ ಅನ್ನವುಂಟು, ಶಿಷ್ಯನುಂಟು. ಎಲ್ಲವೂ ಗಾಜಿನ ಮನೆಯೊಳಗೆ ನಿಂತರೆ ಕಾರು ಉಳಿದೀತು, ಅದನ್ನು ಎಬ್ಬಿಸಬಲ್ಲವನು ಉಳಿಯಲಾರನು.

ಕೊರವಂಗಲದ ಶಿಲ್ಪಿಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕಲ್ಲಿನ ಕಂಬ ಎಂಟೂವರೆ ಶತಮಾನ ನಿಂತಿತು. ಅಂಥ ಗುಡಿಗಳನ್ನು ಊರೂರಿನಲ್ಲಿಯೂ ಎಬ್ಬಿಸುತ್ತಿದ್ದ ಕೈಗಳ ಪರಂಪರೆ ಹೊಯ್ಸಳ ರಾಜ್ಯದೊಡನೆಯೇ ಈ ಸೀಮೆಯಿಂದ ಕರಗಿಹೋಯಿತು. ಗುಡಿಯನ್ನು ಕಾಯುವುದಕ್ಕೆ ಇಲಾಖೆಯಿದೆ. ಕೈಯ ವಿದ್ಯೆಯನ್ನು ಕಾಯುವ ಇಲಾಖೆ ಯಾವ ಕಾಲದಲ್ಲಿಯೂ ಇಲ್ಲ. ಅದನ್ನು ಬಳಸುವವರೇ ಕಾಯಬೇಕು.

ಎಲ್ಲರೂ ಹಳೆಯ ಕಾರನ್ನು ಕೊಳ್ಳಬೇಕೆಂದು ಇದರ ಅರ್ಥವಲ್ಲ. ಬೆಳಗ್ಗೆ ಒಂಬತ್ತಕ್ಕೆ ಕಚೇರಿ ಸೇರಲೇಬೇಕಾದವನಿಗೆ, ಮನೆಯಲ್ಲಿ ಕೂಸಿರುವವರಿಗೆ, ಹೆದ್ದಾರಿಯಲ್ಲಿಯೇ ಬಾಳುವವನಿಗೆ ಅದು ಸಲ್ಲದು. ಆದರೆ ತಂದೆ ಬಿಟ್ಟುಹೋದ ಕಾರೊಂದು ಷೆಡ್ಡಿನಲ್ಲಿ ಧೂಳು ಹಿಡಿದು ನಿಂತಿರುವ ಮನೆಗಳು ಹಾಸನ, ಮೈಸೂರು, ತುಮಕೂರುಗಳಲ್ಲಿ ಇನ್ನೂ ಇವೆ. ಅಂಥವರು ಅದರ ಬ್ರೇಕು, ಟೈರು, ಕೊಳವೆಗಳನ್ನು ಮೊದಲು ಬಲ್ಲವನಿಗೆ ತೋರಿಸಲಿ, ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಲಿ, ಆಮೇಲೆ ಒಂದು ಭಾನುವಾರದ ಬೆಳಗ್ಗೆ, ಹೆದ್ದಾರಿಯನ್ನು ಬಿಟ್ಟು, ಹತ್ತು ಕಿಲೋಮೀಟರು ದೂರದ ಯಾವುದಾದರೂ ಊರಿಗೆ ಹೊರಡಲಿ. ಹಾಸನದವರಿಗೆ ಕೊರವಂಗಲವಿದೆ. ಮಧ್ಯಾಹ್ನ ಬಿಸಿಲೇರುವುದರೊಳಗೆ ಗುಡಿಯನ್ನು ನೋಡಿ ಮುಗಿಸಿ, ರೇಡಿಯೇಟರಿಗೆ ಒಂದು ಚೊಂಬು ನೀರು ಸೇರಿಸಿಕೊಂಡು, ಊಟದ ಹೊತ್ತಿಗೆ ಮನೆ ಸೇರಬಹುದು.